ಒದ್ದೆ ಫಿಲ್ಮಿನಲ್ಲಿ ಕಾಣದ್ದು

ಎಕ್ಸ್‌ರೇ ಮಾವನಿಗೆ ಸ್ವಂತ ಹೆಸರೊಂದು ಇದ್ದೇ ಇತ್ತು. ಅದನ್ನು ಬಳಸುತ್ತಿದ್ದದ್ದು ಆಸ್ಪತ್ರೆಯ ಸಂಬಳದ ವಿಭಾಗ ಮಾತ್ರ. ಬೀದಿಯವರಿಗೆಲ್ಲ ಅವರು ಎಕ್ಸ್‌ರೇ ಮಾವ, ಅವರ ಹೆಂಡತಿ ಆ ಲೆಕ್ಕದಲ್ಲಿ ಎಲ್ಲರಿಗೂ ಅತ್ತೆ. ಯಾರದೋ ಮಗು ಮೆಟ್ಟಿಲಿಂದ ಬಿತ್ತು, ಯಾರದೋ ತಾತನಿಗೆ ಕಫ ಕಟ್ಟಿತು ಅಂದರೆ ಜನ ಡಾಕ್ಟರ ಹತ್ತಿರ ಹೋಗಿಬಂದು, ಮನೆ ಸೇರುವ ಮುಂಚೆ ಫಿಲ್ಮು ಹಿಡಿದು ಮಾವನ ಬಾಗಿಲು ತಟ್ಟುತ್ತಿದ್ದರು. ಮಾವ ಕನ್ನಡಕವನ್ನು ಹಣೆಗೇರಿಸಿ, ಫಿಲ್ಮನ್ನು ಕಿಟಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡಿ, "ಏನೂ ಇಲ್ಲ, ಹೋಗಿ ಮಲ್ಕೊಳ್ಳಿ" ಅನ್ನುತ್ತಿದ್ದರು. ಅವರೇನು ಓದಿದ ಡಾಕ್ಟರಲ್ಲ. ಆದರೆ ಓದಿದವರು ಅಷ್ಟು ಧೈರ್ಯವಾಗಿ "ಏನೂ ಇಲ್ಲ" ಅನ್ನುವುದಿಲ್ಲ. ಜನಕ್ಕೆ ಬೇಕಾಗಿದ್ದದ್ದು ಆ ಧೈರ್ಯ.

ಅವರ ಕೆಲಸ ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ. ಬೆಳಕು ನುಸುಳದ ಹಾಗೆ ಒಂದರ ಹಿಂದೊಂದು ಬಾಗಿಲು, ಒಳಗೆ ಒಂದು ಮಂಕು ಕೆಂಪು ದೀಪ, ಗೋಡೆಯುದ್ದಕ್ಕೂ ತೊಟ್ಟಿಗಳು. ಮೊದಲ ತೊಟ್ಟಿಯ ದ್ರಾವಣದಲ್ಲಿ ಎಲುಬು ಮೂಡಬೇಕು, ಮುಂದಿನದರಲ್ಲಿ ಗಟ್ಟಿಯಾಗಬೇಕು, ಕೊನೆಯದರಲ್ಲಿ ಬರೀ ನೀರು. ಆ ಹುಳಿ ವಾಸನೆ ಮಾವನ ಶರ್ಟಿಗೆ, ಊಟದ ಡಬ್ಬಿಗೆ, ಕೊನೆಗೆ ಅತ್ತೆಯ ತಲೆದಿಂಬಿಗೂ ಹತ್ತಿಕೊಂಡಿತ್ತು. ತುರ್ತು ಇದ್ದಾಗ ಫಿಲ್ಮು ಒಣಗುವ ತನಕ ಕಾಯುವ ತಾಳ್ಮೆ ಡಾಕ್ಟರುಗಳಿಗೆ ಇರುತ್ತಿರಲಿಲ್ಲ. ಕೋಣೆಯ ಬಾಗಿಲಲ್ಲೇ ನಿಂತು, ನೀರು ತೊಟ್ಟಿಕ್ಕುವ ಫಿಲ್ಮನ್ನೇ ಓದಿ ಓಡುತ್ತಿದ್ದರು. ಅವರ ಭುಜದ ಹಿಂದೆ ನಿಂತು ಮಾವನೂ ಓದುತ್ತಿದ್ದರು. ಮಾವನ ವಿದ್ಯೆಯೆಲ್ಲ ಬಂದದ್ದು ಹಾಗೆ, ಇನ್ನೊಬ್ಬರ ಭುಜದ ಮೇಲಿಂದ.

ಆಮೇಲೆ ಆಸ್ಪತ್ರೆ ಕೈ ಬದಲಾಯಿತು. ಹೊಸ ಮಾಲೀಕರು ಬಂದರು, ಗಾಜಿನ ಬಾಗಿಲು ಬಂತು, ಬಾಗಿಲಲ್ಲಿ ನಗುವುದಕ್ಕೆಂದೇ ಒಬ್ಬ ಹುಡುಗಿ ಬಂದಳು. ಫಿಲ್ಮು ಹೋಗಿ ಚಿತ್ರ ನೇರ ಕಂಪ್ಯೂಟರಿಗೆ ಹೋಗತೊಡಗಿತು. ಕತ್ತಲೆಕೋಣೆಯ ತೊಟ್ಟಿಗಳನ್ನು ಕಿತ್ತು, ದೊಡ್ಡ ದೀಪ ಹಾಕಿ, ಕಂಪ್ಯೂಟರಿನ ಪೆಟ್ಟಿಗೆಗಳನ್ನು ಪೇರಿಸಿದರು. ಮಾವನನ್ನು ರಿಪೋರ್ಟು ಕೊಡುವ ಕೌಂಟರಿಗೆ ತಳ್ಳಿದರು. ಅವರು ಅಳಲಿಲ್ಲ, ಬೈಯಲಿಲ್ಲ. ಲಕೋಟೆ ಕೊಟ್ಟರು, ಸಹಿ ಹಾಕಿಸಿಕೊಂಡರು, ಅಷ್ಟೇ.

ಆದರೆ ಕೌಂಟರಿನಲ್ಲಿ ಕೂತವನ ಕಣ್ಣಿಗೆ ಬೀಳದ್ದು ಕಡಿಮೆ. ನೆಲಮಾಳಿಗೆಗೆ ಒಂದು ಸ್ಕ್ಯಾನ್ ಯಂತ್ರ ಬಂದಿತ್ತು, ಸಾಲದ ಮೇಲೆ ತಂದದ್ದು. ಸಾಲ ತೀರಬೇಕಾದರೆ ಯಂತ್ರ ಓಡುತ್ತಿರಬೇಕು, ಯಂತ್ರ ಓಡಬೇಕಾದರೆ ಜನ ಬೇಕು. ತಲೆನೋವು ಅಂತ ಬಂದವನನ್ನೂ ಒಳಗೆ ತಳ್ಳಿದರು, ಕಾಲು ಉಳುಕಿದವಳನ್ನೂ ತಳ್ಳಿದರು. ಒಂದು ತಿಂಗಳ ದುಡಿಮೆ ಸುರಿದವರ ಕೈಗೆ ಮಾವ ಕೊಡುತ್ತಿದ್ದ ಲಕೋಟೆಯಲ್ಲಿ ಬಹಳ ಸಲ ಇರುತ್ತಿದ್ದದ್ದು "ಎಲ್ಲ ಸರಿಯಿದೆ" ಎಂಬ ಮಾತು. "ಇದನ್ನೇ ನಾನು ಕಿಟಕಿಗೆ ಹಿಡಿದು ಪುಕ್ಕಟೆ ಹೇಳ್ತಿದ್ದೆ" ಎಂದು ಮನೆಗೆ ಬಂದು ಅತ್ತೆಯ ಹತ್ತಿರ ಉರಿದುಕೊಳ್ಳುತ್ತಿದ್ದರು. ಅದು ಸುಳ್ಳೂ ಅಲ್ಲ. ಎಡವಟ್ಟಾದದ್ದೂ ಅಲ್ಲೇ.

ಮಾವ ನಿವೃತ್ತರಾದ ಮೇಲೆ ಅತ್ತೆಗೆ ಕೆಮ್ಮು ಹಿಡಿಯಿತು. ಅತ್ತೆ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವರು. ಬಟ್ಟೆಯ ಧೂಳಿರಬೇಕು ಅಂದುಕೊಂಡರು. ಕೆಮ್ಮು ಬಿಡಲಿಲ್ಲ, ಜೊತೆಗೆ ಎಡಭುಜದಲ್ಲಿ ಸಣ್ಣ ನೋವು. ಆಸ್ಪತ್ರೆಯ ಹೊಸ ಡಾಕ್ಟರಮ್ಮ, ಮಾವನ ಮಗಳಿಗಿಂತ ಚಿಕ್ಕವಳು, ಎದೆಗೆ ಕಿವಿಗೊಟ್ಟು, "ಒಂದು ಸ್ಕ್ಯಾನ್ ಮಾಡಿಸಿಬಿಡಿ" ಅಂದಳು.

ಮಾವ ಹೊರಗೆ ಬಂದದ್ದೇ ತಡ, "ಕೆಮ್ಮಿಗೂ ಸ್ಕ್ಯಾನಂತೆ! ನಾಳೆ ಆಕಳಿಸಿದ್ರೂ ಅದರೊಳಗೆ ಮಲಗಿಸ್ತಾರೆ" ಅಂದರು.

"ಮಾಡಿಸೋಣ ಬಿಡ್ರೀ. ಹೊಲಿಗೆ ದುಡ್ಡಿದೆ" ಅಂದರು ಅತ್ತೆ.

"ನಿನ್ನ ದುಡ್ಡು ಆ ಯಂತ್ರದ ಬಾಯಿಗೆ ಹಾಕೋಕಾ? ಸುಮ್ನೆ ಬಾ. ನಾನು ನೋಡ್ತೀನಿ."

ಊರಿನ ಇನ್ನೊಂದು ತುದಿಯಲ್ಲಿ ಮಾವನ ಹಳೆಯ ಸ್ನೇಹಿತನೊಬ್ಬ ಚಿಕ್ಕ ದವಾಖಾನೆಯೊಂದರಲ್ಲಿ ಇನ್ನೂ ಫಿಲ್ಮಿನ ಯಂತ್ರ ಇಟ್ಟುಕೊಂಡಿದ್ದ. ಅತ್ತೆಯನ್ನು ಅಲ್ಲಿ ನಿಲ್ಲಿಸಿ, "ಉಸಿರು ತಗೋ, ಹಿಡಿ" ಎಂದು ಮಾವನೇ ಗುಂಡಿ ಒತ್ತಿದರು. ಮಾವನೇ ಕತ್ತಲೆಗೆ ಹೋದರು. ದ್ರಾವಣದೊಳಗೆ ಮೊದಲು ಬೆನ್ನೆಲುಬು, ಆಮೇಲೆ ಪಕ್ಕೆಲುಬು, ಕೊನೆಗೆ ಎದೆಯ ನಡುವೆ ಸ್ವಲ್ಪ ಎಡಕ್ಕೆ ವಾಲಿದ ಹೃದಯದ ಬಿಳಿ ನೆರಳು ಮೂಡಿತು. ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದು, ಎರಡು ಶ್ವಾಸಕೋಶಗಳನ್ನೂ ಮೂಲೆಮೂಲೆ ಹುಡುಕಿದರು. ಸ್ವಚ್ಛವಾಗಿತ್ತು. ಎಷ್ಟೋ ವರ್ಷದ ಮೇಲೆ ಅವರಿಗೆ ಖುಷಿಯಾಯಿತು. ಹೆಂಡತಿಗೆ ಏನೂ ಇಲ್ಲ ಅನ್ನುವ ಖುಷಿಯಲ್ಲಿ, ತಮ್ಮ ಕೈ ಇನ್ನೂ ಕೆಟ್ಟಿಲ್ಲ ಅನ್ನುವ ಖುಷಿಯೂ ಸಮಪಾಲು ಇತ್ತು.

"ಏನೂ ಇಲ್ಲ ಕಣೇ" ಅಂದರು. ಅತ್ತೆ ನಂಬಿದರು. ಬೀದಿಯವರೆಲ್ಲ ನಂಬುವಾಗ ಕಟ್ಟಿಕೊಂಡವಳು ನಂಬದೆ ಇರುತ್ತಾಳೆಯೇ?

ಚಳಿ ಕಳೆಯಿತು, ಬೇಸಿಗೆ ಬಂತು. ಅತ್ತೆಯ ದನಿ ಒಡೆಯಿತು, ಬಳೆ ಮೊಣಕೈತನಕ ಜಾರತೊಡಗಿತು. ಬೇರೆ ಬಡಾವಣೆಯಲ್ಲಿದ್ದ ಮಗಳು ಒಂದು ಭಾನುವಾರ ಬಂದವಳು ಅಮ್ಮನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಮರುದಿನ ರಜೆ ಹಾಕಿ ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಸ್ಕ್ಯಾನ್ ಆಯಿತು. ಮಾವನೂ ಜೊತೆಗಿದ್ದರು.

ಡಾಕ್ಟರಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅವಳು ಬೆರಳಾಡಿಸಿದ ಹಾಗೆಲ್ಲ ಅತ್ತೆಯ ಎದೆ ಬ್ರೆಡ್ಡಿನ ಹೋಳುಗಳ ಹಾಗೆ ಒಂದೊಂದಾಗಿ ಸರಿಯುತ್ತ ಹೋಯಿತು. ಒಂದು ಕಡೆ ನಿಂತಿತು.

"ಇಲ್ಲಿದೆ ನೋಡಿ, ಹೃದಯದ ಹಿಂದೆ. ಎಕ್ಸ್‌ರೇಲಿ ಹೃದಯದ ನೆರಳೇ ಇದನ್ನ ಮುಚ್ಚಿಬಿಡುತ್ತೆ, ಎಂಥವರಿಗೂ ಕಾಣಲ್ಲ. ಅದಕ್ಕೇ ನಾನು ಸ್ಕ್ಯಾನ್ ಅಂದಿದ್ದು. ಆಗಲೇ ಮಾಡಿಸಿದ್ರೆ ಆಪರೇಷನ್ ಮಾಡಿ ತೆಗೀಬಹುದಿತ್ತೇನೋ. ಈಗ ಹರಡಿದೆ."

ಮಾವ ಪರದೆ ನೋಡಿದರು. ಹೃದಯದ ಬಿಳಿ ಎಲ್ಲಿ ಮುಗಿಯುತ್ತದೆ, ಅದರ ಹಿಂದೆ ಇನ್ನೊಂದು ಬಿಳಿ ಎಲ್ಲಿ ಶುರುವಾಗುತ್ತದೆ ಅನ್ನುವುದು ಈಗ ಯಾರಿಗಾದರೂ ಕಾಣುವಂತಿತ್ತು. ಅವರಿಗೆ ದುಃಖವಾಗಲಿಲ್ಲ, ಭಯವೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ದವಡೆ ಹೇಗಿರುತ್ತದೋ ಇಡೀ ಮೈ ಹಾಗಿತ್ತು.

"ಯಾಕೆ ಮಾಡಿಸಲಿಲ್ಲ?" ಡಾಕ್ಟರಮ್ಮ ಕೇಳಿದಳು.

ಮಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ತಮ್ಮ ಒಡೆದ ದನಿಯಲ್ಲಿ, "ನನಗೇ ಹೆದರಿಕೆಯಾಯ್ತು ಡಾಕ್ಟ್ರೇ. ಆ ಗೂಡೊಳಗೆ ಯಾರು ಮಲಗ್ತಾರೆ ಅಂತ ನಾನೇ ಬೇಡ ಅಂದೆ" ಅಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ಮಾವ, ಅತ್ತೆ ಅಕ್ಕಪಕ್ಕ ಕೂತರು. ಮುಂದಿನ ಸೀಟಿನಲ್ಲಿದ್ದ ಮಗಳು ಹಿಂದಕ್ಕೆ ತಿರುಗಿ ಅಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಅವಳ ಕಣ್ಣು ಮೂಗು ಒಂದೇ ಸಮ ಸುರಿಯುತ್ತಿದ್ದವು. "ಹೆದರಿಕೆಯಂತೆ ಹೆದರಿಕೆ! ಮಗು ಏನಮ್ಮ ನೀನು? ನನಗೊಂದು ಫೋನ್ ಮಾಡೋಕಾಗ್ಲಿಲ್ವಾ? ಹೀಗೆ ಯಾರಾದ್ರೂ ಜೀವಕ್ಕೇ ಸಂಚಕಾರ ತಂದ್ಕೋತಾರಾ?" ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಬೈದು ಸುಸ್ತಾದ ಮಗಳು ಮಾವನ ಕಡೆ ನೋಡಿದಳು.

"ಅಪ್ಪ, ಜೀವಮಾನವೆಲ್ಲ ಆಸ್ಪತ್ರೇಲಿ ಕಳೆದವರು ನೀವು. ನೀವಾದ್ರೂ ಮಾಡಿಸ್ಕೋ ಅಂತ ಹೇಳ್ಬಾರ್ದಿತ್ತಾ?"

ನಿಜ ಹೇಳುವುದಕ್ಕೆ ಮಾವ ಬಾಯಿ ತೆರೆದರು. ಹೇಳಬೇಕೆಂದೇ ಇದ್ದರು.

"ಹೇಳಿದ್ದೆ" ಅಂದರು.

"ಹೌದು ಕಣೇ, ಬಡ್ಕೊಂಡ್ರು ಪಾಪ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ" ಎಂದು ಅತ್ತೆ ಮಗಳಿಗೆ ಹೇಳಿದರು. ಆಮೇಲೆ ಗಂಡ ಆರಾಮಾಗಿ ಕೂರಲೆಂದು ಕಿಟಕಿಯ ಕಡೆಗೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.