ಬಿಳಿ ಹಾಸು, ಬಿಸಿ ರೊಟ್ಟಿ

ಊಟದ ಮೇಜಿಗೆ ಬಿಳಿ ಹಾಸೇ ಶೋಭೆ ಎಂದು ಮೊದಲು ಹೇಳಿದವರು ಯಾರೋ ನನಗೆ ತಿಳಿಯದು. ಅವರ ಮನೆಯಲ್ಲಿ ಎಣ್ಣೆಗಾಯಿ ಮಾಡುತ್ತಿರಲಿಲ್ಲವೆಂಬುದು ಮಾತ್ರ ಖಚಿತ.

ನಮ್ಮ ಮನೆಗೆ ಮೇಜು ಬಂದದ್ದು ಅಂತಸ್ತಿಗಾಗಿ ಅಲ್ಲ. ಟಿಕೋಟಾದ ತವರಿನಲ್ಲಿ ಚಕ್ಕಳಮಕ್ಕಳ ಹಾಕಿ ಉಂಡು ಬೆಳೆದ ನನ್ನ ಹೆಂಡತಿಗೆ ಮೊಣಕಾಲು ಮಡಿಸುವುದೇ ಅಸಾಧ್ಯವಾಯಿತು. ನಾವೆಲ್ಲ ನೆಲದ ಮೇಲೆ ಕೂತರೆ ಅವಳೊಬ್ಬಳು ಅಡುಗೆಮನೆಯ ಸ್ಟೂಲಿನಲ್ಲಿ, ತೊಡೆಯ ಮೇಲೆ ತಾಟಿಟ್ಟುಕೊಂಡು ಉಣ್ಣುತ್ತಿದ್ದಳು. ಅವಳು ಮತ್ತೆ ಎಲ್ಲರೊಡನೆ ಉಣ್ಣಲೆಂದು ಮಗ ಮೇಜು ತಂದ. ಸೊಸೆ ಅದಕ್ಕೆ ಕಸೂತಿ ಅಂಚಿನ ಬಿಳಿ ಹಾಸು ಹೊದಿಸಿದಳು. ಬಿಳುಪು ಕೆಡಬಾರದೆಂದು ಮೇಲೊಂದು ಪ್ಲಾಸ್ಟಿಕ್ ಹಾಳೆ ಬಂತು. ಮೇಜನ್ನು ಕಾಯಲು ಬಟ್ಟೆ, ಬಟ್ಟೆಯನ್ನು ಕಾಯಲು ಪ್ಲಾಸ್ಟಿಕ್, ಪ್ಲಾಸ್ಟಿಕ್ಕನ್ನು ಕಾಯಲು ಸೊಸೆ. ಹೆಂಡತಿ ಸ್ಟೂಲು ಬಿಡಲೇ ಇಲ್ಲ.

"ದೊಡ್ಡ ಮಂದಿ ಮನ್ಯಾಗ ಬಿಳೇದನ್ನ ಹಾಸ್ತಾರ್ರಿ ಮಾವಾರ" ಎಂದಳು ಸೊಸೆ.

ಶಾಲೆಯಲ್ಲಿ ಕಲಿತದ್ದಕ್ಕಿಂತ ಹಳೆಯ ಪುಸ್ತಕಗಳನ್ನು ತಡಕಿ ಕಲಿತದ್ದೇ ಹೆಚ್ಚಾದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾವುದೇ ಮಾತನ್ನು ಅದು ಹೊರಟ ಬಾಗಿಲವರೆಗೆ ಹಿಂಬಾಲಿಸುವುದು. ಸೊಸೆಗೆ ಹೇಳಿದವಳು ಪಕ್ಕದ ಮನೆಯಾಕೆ. ಆಕೆಗೆ ಹೇಳಿದವನು ವಿಜಯಪುರದ ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ. ಅಲ್ಲಿಗೂ ಹೋದೆ. ದೊಡ್ಡ ಮನೆಯವರು ಇದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದ. ಅಂಥ ಒಂದು ಮನೆ ಹೇಳಪ್ಪ ಎಂದೆ. ಅವನು ಫ್ಯಾನಿನ ಕಡೆ ನೋಡುತ್ತ ಹೇಳಿದ:

"ಮೊನ್ನೆ ನಿಮ್ಮ ಸೊಸಿಯವರ ಇದನ್ನ ಒಯ್ದಾರಲ್ರಿ, ಸಾಹೇಬ್ರ."

ಇಷ್ಟೆಲ್ಲ ಸುತ್ತಿ ಬಂದ ಮಾತಿನ ಬುಡದಲ್ಲಿ ಸಿಕ್ಕ ದೊಡ್ಡ ಮನೆ ನಮ್ಮದೇ. ಮನೆಯಲ್ಲಿ ಇದನ್ನು ಹೇಳಿದಾಗ ಮಗ ನಕ್ಕ, ಹಾಸು ಅಲುಗಲಿಲ್ಲ.

ಕೆಲವು ದಿನಗಳಲ್ಲಿ ಬಬಲೇಶ್ವರದಿಂದ ಸೊಸೆಯ ತಂದೆತಾಯಿ ಊಟಕ್ಕೆ ಬಂದರು. ನಮ್ಮ ಕಡೆ ತಾಟಿನ ತುಂಬ ಪಲ್ಯ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಹರಡಿಕೊಂಡಿರುತ್ತವೆ. ಹಂಚಿನಿಂದ ಇಳಿದ ರೊಟ್ಟಿಯನ್ನು ತಾಟಿನ ಅಂಚಿಗೆ ಒರಗಿಸುವುದು ರೂಢಿ. ಸೊಸೆ ಹಾಗೆಯೇ ಒರಗಿಸಿದಳು. ಅರ್ಧ ತಾಟಿನ ಮೇಲಿತ್ತು, ಅರ್ಧ ಪ್ಲಾಸ್ಟಿಕ್ಕಿನ ಮೇಲೆ. ಬಿಸಿ ರೊಟ್ಟಿ ಬೆವರಿತು. ಬೀಗರು ಎತ್ತಿಕೊಂಡಾಗ ಅರ್ಧ ಕೈಗೆ ಬಂತು, ಉಳಿದರ್ಧ ಹಾಳೆಗೆ ಅಂಟಿ ಕೂತಿತು. ಅವರು ಸಭ್ಯರು, ಉಗುರಿನಿಂದ ಕೆರೆದು ತಿಂದರು. ದೊಡ್ಡ ಮನೆಗಳಲ್ಲಿ ಹೀಗೆಯೇ ಉಣ್ಣುತ್ತಾರೆಂದು ನಂಬಿದರೇನೋ.

ಬೀಗತಿಯ ಗಮನ ಬೇರೆಡೆ ಇತ್ತು. ಖಾಲಿ ಕುರ್ಚಿ ಇರುವಾಗ ನೀವು ಯಾಕೆ ಒಳಗೆ ಕೂತಿರಿ ಎಂದು ನನ್ನ ಹೆಂಡತಿಯನ್ನು ಕೇಳಿದರು.

"ಕೈ ನಡಗತಾವ್ರಿ. ಬಿಳಿ ಅರಿವಿ ಹೊಲಸಾದೀತು" ಎಂದಳು ಅವಳು, ಸ್ಟೂಲಿನಿಂದಲೇ.

ಬೀಗತಿ ಮಗಳ ಕಡೆ ತಿರುಗಿ, ದನಿ ಎತ್ತದೆ ಕೇಳಿದರು: "ಅತ್ತಿಗಿಂತ ಅರಿವಿ ಹೆಚ್ಚಾತೇನ ಬೇ?"

ನನ್ನ ಇಷ್ಟು ದಿನದ ತರ್ಕ ಮಾಡದ್ದನ್ನು ಆ ಮಾತು ಮಾಡಿತು. ಮರುದಿನ ಬೆಳಿಗ್ಗೆ ಮೇಜು ಬರಿದಾಗಿತ್ತು. ಬಿಳಿ ಹಾಸನ್ನೂ ಹಾಳೆಯನ್ನೂ ಸೊಸೆ ಮಡಚಿ ಒಳಗಿಟ್ಟಿದ್ದಳು.

ಅದೇ ಅಂಗಡಿಗೆ ಹೋದೆ. ಅಲ್ಲೊಂದು ಚಮತ್ಕಾರ ಕಂಡೆ: ಮಂಚದ ಮೇಲೆ ಹಾಸುವ ದಪ್ಪ ಹತ್ತಿಯ ಚೌಕಳಿ ಬಟ್ಟೆಯನ್ನೇ ಚಿಕ್ಕದಾಗಿ ಕತ್ತರಿಸಿ, ಚೀಟಿ ಅಂಟಿಸಿ 'ಟೇಬಲ್ ಕ್ಲಾತ್' ಎಂದರೆ ಬೆಲೆ ಏರುತ್ತದೆ. ಬಟ್ಟೆ ಕಡಿಮೆಯಾದಷ್ಟೂ ದುಡ್ಡು ಹೆಚ್ಚು ಕೊಡುವ ಜನರಿರುವವರೆಗೆ ವ್ಯಾಪಾರಿಯನ್ನು ದೂರಿ ಫಲವಿಲ್ಲ. ನಾನು ಕಡುಗೆಂಪು ಚೌಕಳಿಯ ಮಂಚದ ಹಾಸನ್ನೇ ಕೊಂಡೆ. ಹೊಸ ಹತ್ತಿ ಕುಗ್ಗುವುದರಿಂದ ಮೊದಲು ತೊಳೆಸಿ, ಆಮೇಲೆ ಎರಡಾಗಿ ಕತ್ತರಿಸಲು ಮನೆಯಲ್ಲಿ ಹೇಳಿದೆ. ಒಂದು ಮೇಜಿನ ಮೇಲಿದ್ದರೆ ಇನ್ನೊಂದು ಒಗೆದು ಒಣಹಾಕಿದ ಹಗ್ಗದ ಮೇಲೆ. ಸೊಸೆ ತಾನೇ ಅಂಚು ಹೊಲಿದಳು.

ಹೊಸ ಹಾಸು ಮೇಜಿಗೇರಿದ ಮಧ್ಯಾಹ್ನ ಹೆಂಡತಿಯನ್ನು ಸೊಸೆಯೇ ಕೈಹಿಡಿದು ಕರೆತಂದಳು. ಮೊದಲ ತುತ್ತಿಗೇ ಎಣ್ಣೆಗಾಯಿಯ ರಸ ಹಾಸಿನ ಮೇಲೆ ಬಿತ್ತು. ಹೆಂಡತಿಯ ಕೈ ನಿಂತಿತು. ಸೊಸೆ ನೋಡಿದಳು, ಇನ್ನೊಂದು ರೊಟ್ಟಿ ಹಾಕಿದಳು.

ಹೆಂಡತಿ ಚೌಕಳಿಯನ್ನು ಬೆರಳಿನಿಂದ ಸವರಿದಳು.

"ಲುಂಗಿ ಮ್ಯಾಲ ಉಂಡಂಗ ಆಗಾಕತ್ತೈತಿ. ಇದಕ್ಕಿಂತ ಚೊಲೋ ಬಣ್ಣ ಸಿಗಲಿಲ್ಲೇನ್ರಿ ನಿಮಗ?"

ನಮ್ಮೆಲ್ಲರ ನಡುವಿನ ಕುರ್ಚಿಯಲ್ಲಿ ಕೂತು, ಮೇಜಿಗೆ ಮೊಣಕೈ ಊರಿ ಅವಳು ಹಾಗೆ ದೂರಿದಳು. ಕಡೆಯ ಮೊಸರನ್ನದವರೆಗೆ ದೂರುತ್ತಲೇ ಇದ್ದಳು.