ಮೋತಿ ಯಾರನ್ನೂ ಕಚ್ಚಲಿಲ್ಲ

೧೯೫೮ನೇ ಇಸವಿ. ನಾನು ಸೊರಬದ ಕಡೆಯ ಉಳವಿಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ನಮ್ಮ ಯಜಮಾನರದ್ದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು. ಪಂಕ್ಚರ್ ಹಾಕುವುದು, ಸೈಕಲ್ ಬಾಡಿಗೆಗೆ ಕೊಡುವುದು ಅವರ ಕೆಲಸ. ಮನೆಯಲ್ಲಿ ಇದ್ದದ್ದು ನಾವಿಬ್ಬರು, ಜೊತೆಗೆ ಮೋತಿ ಎಂಬ ಕಂದು ಬಣ್ಣದ ನಾಯಿ.

ನನಗೆ ನಾಯಿ ಎಂದರೆ ಪ್ರಾಣಭಯ. ಹೊಸದರಲ್ಲಿ ಮೋತಿ ಅಂಗಳದಲ್ಲಿದ್ದರೆ ನಾನು ಬಾವಿಯ ಕಡೆಗೇ ಹೋಗುತ್ತಿರಲಿಲ್ಲ. ಅವರು ಒಂದು ದಿನವೂ ಹಾಸ್ಯ ಮಾಡಲಿಲ್ಲ. ನನ್ನನ್ನು ಜಗುಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು.

"ಅದರ ಮುಖ ನೋಡು ಕಮಲಾ. ಬಾಯಿ ಸಡಿಲ ಬಿಟ್ಟು ನಾಲಿಗೆ ಹೊರಗೆ ಹಾಕಿದ್ರೆ ಖುಷಿಯಾಗೈತಿ ಅಂತ. ಬಾಯಿ ಮುಚ್ಚಿ, ಮೈ ಬಿಗಿ ಮಾಡ್ಕೊಂಡು ನಿಂತಾಗ ಮಾತ್ರ ಹತ್ರ ಹೋಗಬ್ಯಾಡ."

ಅವರು ಯಾವ ಪ್ರಾಣಿಗೂ ಕೈ ಎತ್ತಿದವರಲ್ಲ. "ಹೊಡದ್ರೆ ಹೆದರ್ತೈತಿ, ಕಲಿಯಲ್ಲ" ಅನ್ನುತ್ತಿದ್ದರು. ಜೇಬಿನಲ್ಲಿ ಮಂಡಕ್ಕಿ ಇಟ್ಟುಕೊಂಡು, ಹೇಳಿದಂತೆ ಕೇಳಿದಾಗ ನಾಲ್ಕು ಕಾಳು ಕೊಡುವುದು, ಬೆನ್ನು ಸವರುವುದು, ಅಷ್ಟೇ. "ಕೂತ್ಕೋ" ಎಂದರೆ ಮೋತಿ ಕೂರುತ್ತಿತ್ತು. ಎದುರಿಗೆ ಬೆಕ್ಕು ಓಡಿದರೂ ಏಳುತ್ತಿರಲಿಲ್ಲ. ಹಿಂದೊಮ್ಮೆ ಅದರ ಹಲ್ಲಿಗೆ ಮೂಳೆ ಸಿಕ್ಕಿಕೊಂಡಿತ್ತಂತೆ. ಆಮೇಲೆ "ಆ ಅನ್ನು" ಎಂದರೆ ಬಾಯಿ ತೆರೆದು ಅವರ ಕೈ ಒಳಗೆ ಬಿಟ್ಟುಕೊಳ್ಳುವುದನ್ನೂ ಕಲಿಸಿದ್ದರು. ಬೀದಿಯವರೆಲ್ಲ ತಮ್ಮ ತಂಟೆಕೋರ ನಾಯಿಗಳನ್ನು ಶಾಪಿಗೆ ಕರೆತರುತ್ತಿದ್ದರು. ಚಕ್ರ ಬಿಚ್ಚುತ್ತಲೇ ಇವರು ಅವಕ್ಕೂ ಪಾಠ ಹೇಳುತ್ತಿದ್ದರು. ಕೆಲವೇ ತಿಂಗಳಲ್ಲಿ ಮೋತಿ ನನ್ನ ಸೆರಗು ಬಿಟ್ಟು ಇರುತ್ತಿರಲಿಲ್ಲ.

ಆ ವರ್ಷ ಸುಗ್ಗಿಯ ಸಮಯದಲ್ಲಿ ಮೋತಿ ಇದ್ದಕ್ಕಿದ್ದಂತೆ ಬದಲಾಯಿತು. ಕರೆದರೆ ಬರಲಿಲ್ಲ. ಸೌದೆ ರಾಶಿಯ ಹಿಂದೆ ಕತ್ತಲಲ್ಲಿ ಹೋಗಿ ಮಲಗಿತು. ಬೊಗಳಿದರೆ ದನಿ ಒಡೆದುಹೋಗಿತ್ತು. ಮಾರನೆಯ ದಿನ ಅದರ ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು. ನೀರಿನ ಬೋಗುಣಿಗೆ ಮೂತಿ ಹಾಕುತ್ತದೆ, ಕುಡಿಯಲು ಆಗುತ್ತಿಲ್ಲ.

"ಮತ್ತೆ ಮೂಳೆ ಸಿಕ್ಕೊಂಡೈತಿ ನೋಡು" ಎಂದರು ಅವರು.

ನಮಗೆ ಗೊತ್ತಿದ್ದ ಹುಚ್ಚುನಾಯಿ ಬೇರೆ. ಅದು ಬೀದಿಬೀದಿ ಓಡುತ್ತದೆ, ಕಂಡವರನ್ನು ಕಚ್ಚುತ್ತದೆ. ಇದು ಮೂಲೆಯಲ್ಲಿ ಮುದುಡಿಕೊಂಡು ನಮ್ಮನ್ನೇ ನೋಡುತ್ತಿತ್ತು. ಅವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅಭ್ಯಾಸಬಲದಿಂದ "ಆ ಅನ್ನು" ಎಂದರು. ಬಾಯಿ ತೆರೆದೇ ಇತ್ತು. ಗಂಟಲಿನ ತನಕ ಕೈ ಹಾಕಿ ತಡಕಿದರು. ಸೈಕಲ್ ಚೈನು, ಕಡ್ಡಿ ತಾಗಿ ಅವರ ಬೆರಳುಗಳಲ್ಲಿ ಸದಾ ಗಾಯ. ಮೋತಿ ಕೊಸರಾಡಲಿಲ್ಲ, ಗುರ್ ಎನ್ನಲಿಲ್ಲ, ಹಲ್ಲು ತಾಗಿಸಲಿಲ್ಲ.

"ಏನೂ ಸಿಗವಲ್ದು. ಒಳಗೆ ಇಳಿದೈತಿ" ಎಂದು ಕೈ ತೊಳೆದುಕೊಂಡರು. ನಾನು ಗಂಜಿ ಮಾಡಿ ಅದರ ಬಾಯಿಗೆ ಹನಿಸಿ ನೋಡಿದೆ. ಎಲ್ಲ ಹೊರಗೇ ಸುರಿಯಿತು. ಎರಡು ದಿನಕ್ಕೆ ಮೋತಿ ಸತ್ತಿತು. ಹಿತ್ತಲಲ್ಲಿ ಹೂಳಿ ಬಂದು ಅವರು ಶಾಪು ತೆರೆಯದೆ ಕೂತರು. ಮೂಳೆಯಿಂದ ಸತ್ತಿತೆಂದೇ ಇಬ್ಬರೂ ನಂಬಿದ್ದೆವು.

ಎರಡು ತಿಂಗಳು ಕಳೆದಿರಬೇಕು. ಸೊರಬದಲ್ಲಿ ನನ್ನ ಅಕ್ಕನ ಮಗುವಿಗೆ ನಾಮಕರಣ. ಬಸ್ಸಿನಲ್ಲಿ ಅವರು ಬಲಗೈಯನ್ನು ತಿಕ್ಕುತ್ತಲೇ ಇದ್ದರು.

"ಯಾಕೋ ಈ ಕೈ ಜುಮ್ ಅಂತೈತಿ" ಎಂದರು.

ಅಕ್ಕನ ಮನೆ ಸೇರಿದ ಕೂಡಲೇ ಅಕ್ಕ ಬೆಲ್ಲ, ನೀರು ತಂದಿಟ್ಟಳು. ಲೋಟ ತುಟಿಯ ಹತ್ತಿರ ಬಂದದ್ದೇ ತಡ, ಅವರ ಕತ್ತು ಹಿಂದಕ್ಕೆ ಸೆಟೆಯಿತು. ಲೋಟ ಕೈಯಿಂದ ಹಾರಿ ಬಿತ್ತು.

"ಏನಾತ್ರೀ? ಸೆಕೆಗೆ ತಲೆ ಸುತ್ತಿ ಬಂತಾ?" ಎಂದು ಅಕ್ಕ ಬೀಸಣಿಗೆ ಬೀಸಿದಳು. ಆ ಗಾಳಿಗೂ ಗಂಟಲು ಹಿಡಿದುಕೊಂಡು ಒದ್ದಾಡಿದರು.

ಭಾವ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಒಂದು ಬಟ್ಟಲಲ್ಲಿ ನೀರು ತರಿಸಿ ದೂರದಿಂದ ತೋರಿಸಿದರು. ಅದನ್ನು ಕಂಡೇ ಇವರಿಗೆ ಮತ್ತೆ ಸೆಳೆತ ಬಂತು. ಆಮೇಲೆ ನನ್ನನ್ನು ಹೊರಗೆ ಕರೆದರು.

"ನಾಯಿ ಕಚ್ಚಿತ್ತೇನಮ್ಮಾ?"

"ಇಲ್ಲ. ನಮ್ ಮೋತಿ ಯಾರನ್ನೂ ಕಚ್ಚಿಲ್ಲ."

"ಮೋತಿ ಈಗ ಎಲ್ಲೈತೆ?"

ನಾನು ಎಲ್ಲ ಹೇಳಿದೆ. ಜೋತುಬಿದ್ದ ದವಡೆ, ಜೊಲ್ಲು, ಗಂಟಲೊಳಗೆ ಹಾಕಿದ ಕೈ. ಸುಗ್ಗಿಗೆ ಮುಂಚೆ ಬಂದಳಿಕೆಗೆ ಹೋಗಿದ್ದಾಗ, ಅಲ್ಲಿನ ಹಾಳು ಗುಡಿಗಳ ನಡುವೆ ಒಂದು ನರಿ ಮೈಮೇಲೆ ಬಿದ್ದು ಮೋತಿಯ ಕಿವಿ ಹರಿದದ್ದೂ ಡಾಕ್ಟರು ಕೇಳಿದ ಮೇಲೆ ನೆನಪಾಯಿತು. ಅರಿಸಿನ ಹಚ್ಚಿದ್ದೆವು, ವಾಸಿಯಾಗಿತ್ತು.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹುಚ್ಚು ಹಿಂಗೂ ಬರತ್ತಮ್ಮ. ಎಲ್ಲಾ ನಾಯಿ ಕಚ್ಚಲ್ಲ, ಕೆಲವು ಸುಮ್ನಾಗ್ತಾವೆ. ಜೊಲ್ಲು ಗಾಯಕ್ಕೆ ತಾಗಿದ್ರೆ ಸಾಕು."

"ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗ್ತೀವಿ" ಎಂದೆ.

"ಹೋದ್ರೂ ಅಷ್ಟೇ. ಇಂಜೆಕ್ಷನ್ನು ಮೊದ್ಲೇ ಆಗ್ಬೇಕಿತ್ತು. ನೀವೂ ಅದರ ಬಾಯಿಗೆ ಗಂಜಿ ಹನಿಸಿದ್ರಲ್ಲ, ಈಗ ನಿಮ್ಗೆ ಕೊಡಿಸ್ಬೇಕು."

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಅವರನ್ನು ಮಲಗಿಸಿದರು. ನಾಮಕರಣ ನಿಂತಿತು. ಅಕ್ಕ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಊರಿನವರು ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರು, ಇವರು ಯಾವಾಗ ಬೊಗಳುತ್ತಾರೆ ಎಂದು ಕಾಯುವವರ ಹಾಗೆ. ಇವರು ಬೊಗಳಲಿಲ್ಲ. ಸೆಳೆತ ಬಿಟ್ಟಾಗ ಬುದ್ಧಿ ಪೂರ್ತಿ ತಿಳಿಯಾಗಿರುತ್ತಿತ್ತು. ನನಗೆ ಅದನ್ನೇ ನೋಡಲಾಗುತ್ತಿರಲಿಲ್ಲ.

"ದೂರ ನಿಂತ್ಕೋ ಕಮಲಾ, ಎಂಜಲು ಸಿಡೀತೈತಿ" ಎಂದರು. ಮತ್ತೆ ಹೇಳಿದರು: "ಮೋತಿಗೂ ಹಿಂಗೇ ಆಗಿತ್ತು. ಗಂಟಲೊಳಗೆ ಮೂಳೆ ಇರ್ಲಿಲ್ಲ. ನಾನು ಸುಮ್ನೆ ಕೆದಕಿದೆ. ಅಷ್ಟು ನೋವಿದ್ರೂ ನನ್ ಕೈ ಕಚ್ಚಲಿಲ್ಲ ನೋಡು."

ನೀರು ಬೇಕು ಎಂದು ಕೇಳುತ್ತಿದ್ದರು. ಕೊಡಲು ಹೋದರೆ ಸೆಳೆತ. ಒದ್ದೆ ಬಟ್ಟೆಯಿಂದ ತುಟಿ ಒರೆಸುವುದಕ್ಕೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಾಯಾರಿಕೆಯಲ್ಲೇ ಹೋದರು.

ಶಿವಮೊಗ್ಗದಲ್ಲಿದ್ದ ನನ್ನ ಅಣ್ಣ ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ದಿನವೂ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಿದ. ನನಗೆ ಬದುಕಬೇಕೆಂದೇನೂ ಇರಲಿಲ್ಲ. ಕರೆದಾಗ ಹೋಗಿ ಮಲಗುತ್ತಿದ್ದೆ.

ಮುಗಿಸಿಕೊಂಡು ಶಿಕಾರಿಪುರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಕಾಣಲಿಲ್ಲ. ಪಕ್ಕದ ಮನೆಯ ಗಂಗಮ್ಮನನ್ನು ಕೇಳಿದೆ. ಬಲವಂತ ಮಾಡಿದ ಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದರು:

"ನಿಮ್ಮನೆಯವ್ರ ಸುದ್ದಿ ಬಂತಲ್ಲಮ್ಮ, ಜನ ಹೆದರಿಬಿಟ್ರು. ನಾಯಿಗಳ್ನ ಕೊಲ್ಲೋಕೆ ಬಡಿಗೆ ಹಿಡ್ಕೊಂಡು ಬಂದ್ರು. ಬೀದಿನಾಯೆಲ್ಲ ಓಡಿಹೋದ್ವು. ನಿಮ್ಮನೆಯವ್ರು ಕಲ್ಸಿದ್ರಲ್ಲ, ಅವು ಮಾತ್ರ 'ಕೂತ್ಕೋ' ಅಂದ್ರೆ ಕೂತ್ವು."

ಆ ಮಾತು ಕೇಳಿ ಅಂಗಳದಲ್ಲೇ ಕುಸಿದೆ. ಅವರು ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಇಷ್ಟು ವರ್ಷಗಳಾದವು. ಯಾರ ಮೇಲೆ ಸಿಟ್ಟಾಗಲಿ? ಮೋತಿಯ ಮೇಲೆ ಆಗದು, ಹೆದರಿದ ಜನರ ಮೇಲೂ ಆಗದು. ಯಾರದೂ ತಪ್ಪಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಯಾರದಾದರೂ ತಪ್ಪಿದ್ದಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆನೇನೋ.