ಭೂಮಿಪೂಜೆಗೆ ಒಲ್ಲೆನೆಂದ ಅರ್ಚಕರು

ಜಪಾನಿನ ಸಗಮಿಹಾರಾದಲ್ಲಿ ನಮ್ಮ ಮನೆಯ ಹಿಂದೆ ಇದ್ದ ಪುಟ್ಟ ಶಿಂಟೋ ಗುಡಿಯ ಅರ್ಚಕರು ಯಾರ ಗದ್ದೆಗೆ ಇಳಿಯುವ ಮುಂಚೆಯೂ ಬಾಗಿ, ಮಣ್ಣಿಗೆ "ಸುಮಿಮಾಸೆನ್" ಎನ್ನುತ್ತಿದ್ದರು. ತುಳಿಯುತ್ತಿದ್ದೇನೆ, ಕ್ಷಮಿಸು ಎಂಬಂತೆ.

ಆ ಗದ್ದೆಗಳನ್ನು ಕೊಂಡು ಗೋದಾಮು ಕಟ್ಟಲು ಒಂದು ಕಂಪನಿ ಬಂತು. ಜಪಾನಿನಲ್ಲೂ ಭೂಮಿಪೂಜೆ ಮಾಡಿಸದೆ ಕಟ್ಟಡ ಎಬ್ಬಿಸುವವರು ಕಡಿಮೆ. ಅರ್ಚಕರು ಪೂಜೆಗೆ ಒಪ್ಪಲಿಲ್ಲ. ಅಂದಿನಿಂದ ಗುಡಿಯ ಮುಂದೆ ಕಪ್ಪು ಕಾರೊಂದು ಬಂದು ನಿಲ್ಲತೊಡಗಿತು. ಅದರಿಂದ ಯಾರೂ ಇಳಿಯುತ್ತಿರಲಿಲ್ಲ.

ಗೋದಾಮಿನ ವಿಷಯಕ್ಕೆ ಕರೆದ ಬಡಾವಣೆಯ ಸಭೆಗೆ ಹೊರಟ ನನ್ನನ್ನು ಗಂಡ ತಡೆದರು. "ನಮಗ್ಯಾಕೆ ಇದೆಲ್ಲ? ವೀಸಾ ಮೇಲಿರೋರು ಕಣೇ ನಾವು." ಹೆದರುತ್ತಲೇ ಹೋದೆ.

ಸಭೆಯಲ್ಲಿ ಅರ್ಚಕರು ಎದ್ದು ನಿಂತರು. "ನನಗೂ ಭಯ ಇದೆ. ಆದ್ರೆ ಅನ್ನ ಕೊಡೋ ಮಣ್ಣನ್ನ ಮುಚ್ಚೋಕೆ ದೇವರ ಅಪ್ಪಣೆ ಕೇಳಲಾರೆ," ಎಂದರು. ಮೊದಲು ಬೌದ್ಧ ಮಂದಿರದ ಭಿಕ್ಷು ಎದ್ದು ಅವರ ಪಕ್ಕ ನಿಂತರು, ಆಮೇಲೆ ಚರ್ಚಿನ ಅಜ್ಜಿಯೊಬ್ಬರು. ನಾನೂ ಎದ್ದಿದ್ದೆ.

ಗದ್ದೆಯವರು ಆ ವರ್ಷ ಮಾರಲಿಲ್ಲ. ನಾಟಿ ಆಯಿತು. ಕಾರು ಬರುವುದು ಮಾತ್ರ ನಿಲ್ಲಲಿಲ್ಲ.

ನಾವು ಕಾವಾಸಾಕಿಗೆ ಮನೆ ಬದಲಿಸುವ ಮುನ್ನ ಹೇಳಿಬರಲು ಹೋದಾಗ, ಅರ್ಚಕರ ಕಣ್ಣು ಕೆಂಪಾಗಿತ್ತು. "ನಿದ್ದೆ ಮಾಡ್ತಿಲ್ವಾ?" ಎಂದು ಕೇಳಿದೆ.

"ಕಪ್ಪೆ ಕೂಗ್ತಿರೋವರೆಗೂ ಮಲಗ್ತೀನಿ," ಎಂದರು. "ಅವು ಸುಮ್ಮನಾದ್ರೆ ಯಾರೋ ಗದ್ದೆಗೆ ಇಳಿದಿದಾರೆ ಅಂತ ಎದ್ದು ಕೂರ್ತೀನಿ."